ಎರೆನೆಲದ ಹಿತ್ತಲಿನಲ್ಲಿ ಕಾಯಿಪಲ್ಲೆ

ಮನೆಯ ಹಿತ್ತಲಿನಲ್ಲಿ ಕಾಯಿಪಲ್ಲೆ ಬೆಳೆದುಕೊಳ್ಳುವುದು ನಮ್ಮ ಜನಕ್ಕೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಆದರೆ ಈ ವಿಷಯವಾಗಿ ಅಚ್ಚಾಗಿರುವ ಪುಸ್ತಕಗಳಲ್ಲಿ ಹೆಚ್ಚಿನವು ಬೀಜದ ಆಯ್ಕೆಯಿಂದ ಆರಂಭವಾಗಿ, ನೀರಿನ ಪ್ರಕರಣಕ್ಕೆ ಕೊನೆಯಲ್ಲಿ ಬರುತ್ತವೆ. ನೀರೆಂದರೆ ಅಲ್ಲಿ ನಾವು ಗಿಡಕ್ಕೆ ಹೊಯ್ಯತಕ್ಕ ನೀರು ಮಾತ್ರ. ಕೆಂಪು ಮಣ್ಣಿನ ನಾಡಿಗೆ ಈ ಕ್ರಮ ಸಾಕು. ಕೃಷ್ಣಾನದಿಯ ಎಡಬಲಗಳಲ್ಲಿ ಹರಡಿಕೊಂಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಎರೆನೆಲಕ್ಕೆ ಇದು ಸಾಲದು. ಅಲ್ಲಿ ಹಿತ್ತಲ ತೋಟದ ನಕ್ಷೆಯನ್ನು ಬರೆಯುವವರು ಮೊದಲು ಎಳೆಯಬೇಕಾದ ಗೆರೆಯು ನೀರು ಹೊರಹೋಗುವ ದಾರಿಯದು. ಬರುವ ದಾರಿಯನ್ನು ಆಮೇಲೆ ನೋಡಿಕೊಳ್ಳಬಹುದು. ಹೀಗೆ ಹೇಳುವುದಕ್ಕೆ ಕಾರಣವೇನೆಂಬುದನ್ನೂ, ಅದರಿಂದ ಮಡಿ, ಬಿತ್ತನೆ, ಗೊಬ್ಬರಗಳ ವಿಚಾರದಲ್ಲಿ ಏನೇನು ಬದಲಾಗಬೇಕೆಂಬುದನ್ನೂ ಈ ಭಾಷಣದಲ್ಲಿ ವಿವರಿಸಲು ಯತ್ನಿಸುತ್ತೇನೆ.

ಈ ಐದು ತಾಲ್ಲೂಕುಗಳಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿಗಳು ಹಳೆಯವು. ಚಿಕ್ಕೋಡಿಯಿಂದ ನಿಪ್ಪಾಣಿಯನ್ನೂ ಅಥಣಿಯಿಂದ ಕಾಗವಾಡವನ್ನೂ ಬೇರ್ಪಡಿಸಿ ಹೊಸ ತಾಲ್ಲೂಕುಗಳನ್ನಾಗಿ ಮಾಡುವ ಪ್ರಕಟಣೆ 2017ರಲ್ಲಿ ಹೊರಟಿತು. ಸಹ್ಯಾದ್ರಿಯ ಮಗ್ಗುಲಿಗೆ ಹತ್ತಿರವಾದ ನಿಪ್ಪಾಣಿಯಲ್ಲಿ ಮುಂಗಾರು ಮಳೆ ಸೊಂಪಾಗಿ ಬೀಳುತ್ತದೆ. ಪೂರ್ವಕ್ಕೆ ಸಾಗಿದಂತೆ ಮಳೆ ಕ್ಷೀಣಿಸುತ್ತ, ಅಥಣಿಯನ್ನು ಮುಟ್ಟುವ ವೇಳೆಗೆ ರೈತನ ಆಸೆಯೆಲ್ಲ ಹಿಂಗಾರಿನ ಮೇಲೆ ನಿಂತಿರುತ್ತದೆ. ಕೃಷಿಶಾಸ್ತ್ರಜ್ಞರು ಕರ್ನಾಟಕವನ್ನು ಹತ್ತು ವಲಯಗಳಾಗಿ ವಿಂಗಡಿಸಿದಾಗ ಹಳೆಯ ಚಿಕ್ಕೋಡಿ ತಾಲ್ಲೂಕನ್ನು ಒಂದು ವಲಯಕ್ಕೂ, ರಾಯಬಾಗ ಅಥಣಿಗಳನ್ನು ಒಣವಲಯವೆಂಬ ಬೇರೊಂದಕ್ಕೂ ಸೇರಿಸಿದ್ದು ಇದರಿಂದಲೇ. ಆದರೆ ಮಳೆ ಕಡಮೆಯಾದ ಕಡೆಯೂ ನೀರಿಗೆ ಕೊರತೆಯಿಲ್ಲದ ಊರುಗಳು ಇಲ್ಲಿ ಬಹಳ. ವೇದಗಂಗಾ ದೂಧಗಂಗಾ ನದಿಗಳು ಪಶ್ಚಿಮದಿಂದ ಬಂದು ಕಲ್ಲೋಳದ ಬಳಿ ಕೃಷ್ಣೆಯನ್ನು ಕೂಡುತ್ತವೆ. ದಕ್ಷಿಣದ ಕಡೆಯಿಂದ ಹಿಡಕಲ್ ಜಲಾಶಯದ ಕಾಲುವೆಗಳು ಬಂದಿವೆ. ಈ ನೀರನ್ನು ನೆಚ್ಚಿ ಬೆಳೆದದ್ದು ಕಬ್ಬು. ಉಗಾರದ ಸಕ್ಕರೆ ಕಾರ್ಖಾನೆ 1939ರಲ್ಲಿ ಸ್ಥಾಪಿತವಾದುದು. ಅದರ ತರುವಾಯ ಈ ಭಾಗದಲ್ಲಿ ಇನ್ನೂ ಅನೇಕ ಕಾರ್ಖಾನೆಗಳು ತಲೆಯೆತ್ತಿದವು. ನಿಪ್ಪಾಣಿಯ ಸುತ್ತ ತಂಬಾಕು ಅದಕ್ಕೂ ಹಿಂದಿನಿಂದ ಹೆಸರಾದ ಬೆಳೆ.

ಕಬ್ಬು, ತಂಬಾಕು ಎರಡೂ ಹಣದ ಬೆಳೆಗಳು. ಎರಡರಿಂದಲೂ ಅಡಿಗೆಯ ಮನೆಗೆ ನೇರವಾಗಿ ಬರುವುದು ಕಬ್ಬಿನಿಂದ ಆಗುವ ಬೆಲ್ಲವೊಂದೇ. ಹಿಂದೆ ಜೋಳದ ಹೊಲದ ಸಾಲುಗಳ ನಡುವೆ ಅಲಸಂದಿ, ಅವರೆ, ಪುಂಡಿ, ಸವತೆ ಇವೆಲ್ಲ ಅಕ್ಕಡಿಯಾಗಿ ಬೆಳೆಯುತ್ತಿದ್ದುವು. ಹಿಂಗಾರಿನಲ್ಲಿ ಹಕ್ಕರಿಕೆಯ ಪಲ್ಲೆ ಬಿತ್ತದೆಯೆ ಸಿಕ್ಕುತ್ತಿತ್ತು. ಕಬ್ಬಿನ ಗದ್ದೆಯಲ್ಲಿ ಇವಕ್ಕೆ ಎಡೆಯಿಲ್ಲ. ಹೀಗಾಗಿ ವರ್ಷವಿಡೀ ಕಾಲುವೆ ಹರಿಯುವ ಹಳ್ಳಿಯ ಗೃಹಿಣಿಯೇ ವಾರದ ಸಂತೆಯಲ್ಲಿ ಮೆಂತೆಯ ಕಟ್ಟಿಗೆ ಚೌಕಾಸಿ ಮಾಡುವ ವಿಚಿತ್ರವನ್ನು ನಾವು ಕಾಣುತ್ತೇವೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಕಂಡಿತು. ಸೊಪ್ಪಿನ ಮಡಿಯೊಂದರಿಂದಲೇ ರಕ್ತಹೀನತೆ ಹೋಗುತ್ತದೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಹಸಿರು ಪಲ್ಲೆ ಅಪರೂಪವಾದ ಮನೆಯಲ್ಲಿ ಅದು ಹೋಗುವುದು ಕಷ್ಟ.

ಇನ್ನು ನೀರು ಹೊರಹೋಗುವ ವಿಚಾರ. ಎರೆಮಣ್ಣು ಬಹು ನುಣುಪಾದ ಜೇಡಿಯಿಂದಾದುದು. ನೀರು ಕುಡಿದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಒಮ್ಮೆ ಉಬ್ಬಿದ ಮೇಲೆ ನೀರು ಅದರೊಳಗೆ ಇಳಿಯುವುದು ಬಲು ನಿಧಾನ. ಕಾಲುವೆಯಿಂದಲೂ ಕಬ್ಬಿನ ಗದ್ದೆಗಳಿಂದಲೂ ವರ್ಷಗಟ್ಟಲೆ ಇಂಗಿದ ನೀರು ಹೊರಹೋಗಲಾರದೆ ಕೆಳಗೆ ಸೇರಿ, ಅಂತರ್ಜಲದ ಮಟ್ಟವನ್ನು ಮೇಲಕ್ಕೆ ತಳ್ಳುತ್ತದೆ. ಆ ಮಟ್ಟ ನೆಲದಿಂದ ನಾಲ್ಕೈದು ಅಡಿಯೊಳಗೆ ಬಂದಿತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಮಣ್ಣು ನೀರನ್ನು ಮೇಲಕ್ಕೆಳೆಯುತ್ತದೆ. ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಮೇಲೆಯೇ ನಿಲ್ಲುತ್ತದೆ. ಚೈತ್ರ ವೈಶಾಖದಲ್ಲಿ ಗದ್ದೆಯ ಬದುವಿನ ಮೇಲೆ ಬೂದಿ ಚೆಲ್ಲಿದಂತೆ ಕಾಣುವ ಬಿಳುಪು ಇದೇ. ಇದಕ್ಕೆ ಈ ಸೀಮೆಯವರು ಇಟ್ಟಿರುವ ಹೆಸರು ಸವಳು; ನೀರು ನಿಂತು ಕೊಳೆತ ನೆಲಕ್ಕೆ ಜವಳು. ಇವೆರಡೂ ಅವಳಿಗಳಂತೆ ಕೂಡಿಯೇ ಬರುತ್ತವೆ.

ಹೊಲ ಸವಳಾದರೆ ರೈತನಿಗೆ ತಿಳಿಯುತ್ತದೆ, ಏಕೆಂದರೆ ಕಬ್ಬಿನ ತೂಕ ಇಳಿಯುತ್ತದೆ. ಹಿತ್ತಲು ಸವಳಾದದ್ದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಬೀಜ ಮೊಳೆಯಲಿಲ್ಲವೆಂದು ಅಂಗಡಿಯವನನ್ನು ಬಯ್ಯುತ್ತಾರೆ. ಎಲೆಯ ಅಂಚು ಸುಟ್ಟಂತಾದರೆ ನೀರು ಸಾಲದೆಂದು ಇನ್ನೆರಡು ಕೊಡ ಹೊಯ್ಯುತ್ತಾರೆ. ಕಾಯಿಲೆಯೂ ಔಷಧವೂ ಒಂದೇ ಆಗಿಬಿಟ್ಟಿತಲ್ಲವೆ?

ಆದುದರಿಂದ ಗುದ್ದಲಿ ಹಿಡಿಯುವ ಮೊದಲು ನೆಲವನ್ನು ಪರೀಕ್ಷಿಸಬೇಕು. ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಹಿತ್ತಲಿನ ಮಣ್ಣಿನ ಒಣಗಿದ ಸಣ್ಣ ಹೆಂಟೆಯೊಂದನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆಯ ನೀರಿನೊಳಗೆ ಮೆಲ್ಲನೆ ಇಳಿಯಬಿಟ್ಟು, ಅಲುಗಾಡಿಸದೆ ಒಂದು ಹಗಲು ಇಡಿ. ಹೆಂಟೆ ಕುಸಿದರೂ ನೀರು ತಿಳಿಯಾಗಿ ಉಳಿದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿ ಮರುದಿನವೂ ನಿಂತಿದ್ದರೆ ಆ ಮಣ್ಣಿನಲ್ಲಿ ಸೋಡಿಯಂ ಮಿತಿಮೀರಿದೆಯೆಂದು ಅರ್ಥ. ಬರಿಯ ಉಪ್ಪು ಹೆಚ್ಚಾದ ನೆಲ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅದನ್ನು ಬೇಸಗೆಯ ಬಿಳುಪಿನಿಂದ ಗುರುತಿಸಬೇಕು, ಇಲ್ಲವೆ ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಎಷ್ಟು ಸುಲಭವಾಗಿ ಹರಿಯಿತೆಂದು ಅಳೆದು ಅಲ್ಲಿ ಉಪ್ಪಿನ ಪ್ರಮಾಣವನ್ನು ಗೊತ್ತುಮಾಡುತ್ತಾರೆ. ಈ ಅಳತೆಗೆ ವಿದ್ಯುದ್ವಾಹಕತೆಯೆಂದು ಹೆಸರು.

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ರಿವರ್‌ಸೈಡ್ ಎಂಬ ಊರಿನಲ್ಲಿ ನೆಲದ ಲವಣವೊಂದನ್ನೇ ಅಭ್ಯಸಿಸುವ ಸರ್ಕಾರಿ ಪ್ರಯೋಗಾಲಯವಿದೆ. ಯಾವ ಬೆಳೆ ಎಷ್ಟು ಉಪ್ಪಿನವರೆಗೆ ಇಳುವರಿ ತಗ್ಗದೆ ಬಾಳುತ್ತದೆಂದು ಅಲ್ಲಿಯ ವಿದ್ವಾಂಸರು ಬಹುಕಾಲ ಬೆಳೆಸಿ ನೋಡಿ ಪಟ್ಟಿ ಮಾಡಿದ್ದಾರೆ. ಪೂರ್ಣವಾಗಿ ನೆನೆದ ಮಣ್ಣಿನಿಂದ ಹಿಂಡಿ ತೆಗೆದ ನೀರಿನ ವಾಹಕತೆಯನ್ನು ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂದು ಲೆಕ್ಕ ಹಾಕಿದರೆ, ಬೀನ್ಸು ಮತ್ತು ಗಜ್ಜರಿಗಳು 1ರಲ್ಲಿಯೇ ಸೋಲುತ್ತವೆ. ಬೆಂಡೆ, ಉಳ್ಳಾಗಡ್ಡಿ, ಮೂಲಂಗಿಗಳ ಎಲ್ಲೆ 1.2, ಮೆಣಸಿನದು 1.5, ಟೊಮೆಟೊ 2.5ರವರೆಗೆ ತಾಳುತ್ತದೆ, ಬೀಟ್‌ರೂಟ್ 4. ಅಲಸಂದಿ 4.9ರವರೆಗೆ ಬರುತ್ತದೆ. ಎಲ್ಲಕ್ಕಿಂತ ಗಟ್ಟಿಯಾದುದು 8.8ರವರೆಗೆ ಬಾಳುವ ಚವಳಿಕಾಯಿ, ಎಂದರೆ ಮೈಸೂರಿನ ಕಡೆಯವರು ಗೋರಿಕಾಯಿಯೆಂದು ಕರೆಯುವ ಕಾಯಿ. ರೊಟ್ಟಿಯ ಜೊತೆಗೆ ಈ ಕಾಯಿಯ ಪಲ್ಲೆ ಉತ್ತರದ ಮನೆಗಳಲ್ಲಿ ಎಷ್ಟು ಪ್ರಿಯವೆಂಬುದು ಎಲ್ಲರಿಗೂ ಗೊತ್ತು. ಸವಳಿನ ಸೋಂಕು ತಗಲಿದ ಹಿತ್ತಲಿನಲ್ಲಿ ಗಜ್ಜರಿಗೆ ಹೆಣಗುವ ಬದಲು ಚವಳಿಯನ್ನೂ ಅಲಸಂದಿಯನ್ನೂ ಹಾಕಿಕೊಳ್ಳುವುದೇ ಜಾಣತನ. ಗೋಳಿಪಲ್ಲೆಯೂ ಉಪ್ಪಿಗೆ ಹೆದರದ ಸೊಪ್ಪು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ: ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ನೀರು ಹೆಚ್ಚಾದ್ದರಿಂದ ಅಲ್ಲಿ ಬರುವ ಅಂಕೆ ಚಿಕ್ಕದಾಗಿರುತ್ತದೆ. ಆ ಕಾಗದದ ಅಂಕೆಯನ್ನು ಈ ಪಟ್ಟಿಯೊಡನೆ ನೇರವಾಗಿ ಹೋಲಿಸಬಾರದು. ಅಲ್ಲಿಯ ಅಧಿಕಾರಿಗಳನ್ನೇ ಕೇಳಿ ತಿಳಿಯಬೇಕು.

ಸವಳಿಗೆ ಜಿಪ್ಸಂ ಹಾಕಬೇಕೆಂಬುದು ಎಲ್ಲರ ಬಾಯಲ್ಲಿಯೂ ಇರುವ ಮಾತು. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಾದ ಕ್ಷಾರನೆಲದಲ್ಲಿ. ಅದರೊಳಗಿನ ಸುಣ್ಣದ ಅಂಶ ಜೇಡಿಗೆ ಅಂಟಿದ ಸೋಡಿಯಮ್ಮನ್ನು ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ತೊಳೆದುಹೋಗುವುದಕ್ಕೆ ದಾರಿಯಿಲ್ಲದಿದ್ದರೆ ಹಣವೂ ಶ್ರಮವೂ ವ್ಯರ್ಥ. ಬರಿಯ ಉಪ್ಪಿನ ನೆಲಕ್ಕಂತೂ ಅದರಿಂದ ಏನೂ ಉಪಕಾರವಿಲ್ಲ. ಅಲ್ಲಿ ಬೇಕಾದುದು ಸಿಹಿನೀರು ಮತ್ತು ಬಸಿಗಾಲುವೆ. ಹೀಗೆ ಯಾವ ಕಡೆಯಿಂದ ಹೊರಟರೂ ಬಸಿಗಾಲುವೆಗೇ ಬಂದು ನಿಲ್ಲುತ್ತೇವೆ.

ಹಿತ್ತಲಿನ ಬಸಿಗಾಲುವೆ ದೊಡ್ಡ ಕೆಲಸವಲ್ಲ. ಜಾಗದ ಇಳಿಜಾರು ಯಾವ ಕಡೆಗಿದೆಯೆಂಬುದನ್ನು ಮಳೆಗಾಲದ ಒಂದು ದಿನ ನೀರು ಹರಿಯುವಾಗಲೇ ನೋಡಿಟ್ಟುಕೊಳ್ಳಬೇಕು. ಒಣಗಿದ ನೆಲವನ್ನು ನೋಡಿ ಊಹಿಸಿದರೆ ಮೋಸಹೋಗುವುದುಂಟು. ತಗ್ಗಿನ ಅಂಚಿನಲ್ಲಿ ಒಂದೂವರೆಯಿಂದ ಎರಡು ಅಡಿ ಆಳದ ಕಾಲುವೆಯನ್ನು ತೋಡಿ, ಬೀದಿಯ ಚರಂಡಿಗೋ ಹಳ್ಳಕ್ಕೋ ಕೂಡಿಸಬೇಕು. ನೆರೆಯವರ ಹಿತ್ತಲಿಗೆ ಕೂಡಿಸಿದರೆ ಏನಾಗುವುದೆಂದು ನಾನು ಹೇಳಬೇಕಾಗಿಲ್ಲ. ತೋಡಿದ ಮಣ್ಣನ್ನು ಮಡಿಗಳಿಗೆ ಎಳೆದುಕೊಂಡರೆ ಮಡಿಗಳು ತಾವಾಗಿಯೇ ಏರುತ್ತವೆ. ಎರೆನೆಲದಲ್ಲಿ ಮಡಿ ನಡೆದಾಡುವ ದಾರಿಗಿಂತ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರವಾಗಿರತಕ್ಕದ್ದು. ಅಗಲ ನಾಲ್ಕು ಅಡಿಯನ್ನು ಮೀರಬಾರದು. ಎರಡು ಮಗ್ಗುಲಿನಿಂದಲೂ ಕೈಚಾಚಿ ಕಳೆ ಕೀಳುವಂತಿದ್ದರೆ ಮಡಿಯ ಮೇಲೆ ಕಾಲಿಡಬೇಕಾದ ಪ್ರಸಂಗವೇ ಬರುವುದಿಲ್ಲ. ಹಸಿಯಾದ ಎರೆಮಣ್ಣನ್ನು ತುಳಿದರೆ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮಳೆ ನಿಂತ ಮೇಲೆ ಮಣ್ಣು ಗುದ್ದಲಿಗೆ ಅಂಟದೆ ಪುಡಿಯಾಗುವ ಎರಡು ಮೂರು ದಿನಗಳ ಹದವೊಂದು ಬರುತ್ತದೆ. ಅಗೆತವನ್ನು ಅದಕ್ಕೆ ಕಾದು ಮಾಡಬೇಕು.

ಮಡಿಯ ಮೇಲೆ ಝಾರಿಯಿಂದ ನೀರು ಹನಿಸಿದರೆ ಉಪ್ಪು ಕೆಳಕ್ಕೆ ತೊಳೆದುಹೋಗುತ್ತದೆ. ದಿಂಡುಸಾಲು ಮಾಡಿ ಸಾಲಿನಲ್ಲಿ ನೀರು ಬಿಡುವುದಾದರೆ ಉಪ್ಪೆಲ್ಲ ದಿಂಡಿನ ನೆತ್ತಿಗೆ ಏರಿ ಕೂಡುತ್ತದೆ. ಸಸಿಯನ್ನು ನೆತ್ತಿಯಲ್ಲಿ ನೆಡದೆ ಓರೆಯ ನಡುಭಾಗದಲ್ಲಿ ನೆಟ್ಟರೆ ಅದರಿಂದ ತಪ್ಪಿಸಿಕೊಳ್ಳಬಹುದು. ನೀರನ್ನು ದಿನಕ್ಕಿಷ್ಟೆಂದು ವಾಡಿಕೆಯಂತೆ ಹೊಯ್ಯುವುದು ಎರೆನೆಲಕ್ಕೆ ಒಗ್ಗದು. ಸಣ್ಣ ಸಸಿಗಳನ್ನೂ ಸೊಪ್ಪನ್ನೂ ಬಿಟ್ಟರೆ, ಎರಡು ಅಂಗುಲ ಕೆದಕಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿದರೆ ಇನ್ನೂ ನೀರು ಬೇಡವೆಂದು ತಿಳಿಯಬೇಕು.

ತೋಟ ಎಷ್ಟು ದೊಡ್ಡದಾಗಿರಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಸೂಚನೆಯಂತೆ ವಯಸ್ಕರೊಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು. ಐದು ಮಂದಿಗೆ ಎರಡು ಕಿಲೋಗ್ರಾಂ, ವರ್ಷಕ್ಕೆ ಏಳುನೂರು ಕಿಲೋಗ್ರಾಮಿಗೂ ಹೆಚ್ಚು. ಸಾಮಾನ್ಯ ಹಿತ್ತಲಿನಿಂದ ಇಷ್ಟನ್ನೂ ಪಡೆಯುವ ಆಸೆ ಬೇಡ. ಆ ಆಸೆಯಿಂದ ಹೊರಟವರು ಮೊದಲ ವರ್ಷವೇ ಬೇಸತ್ತು ತೋಟವನ್ನು ಬಿಡುತ್ತಾರೆ. ಸೊಪ್ಪನ್ನು ಮಾತ್ರ ಪೂರ್ತಿಯಾಗಿ ಮನೆಯದೇ ಮಾಡಿಕೊಳ್ಳಬಹುದು. ತಲೆಗೆ ನೂರು ಗ್ರಾಮಿನಂತೆ ದಿನಕ್ಕೆ ಅರ್ಧ ಕಿಲೋಗ್ರಾಂ, ತಿಂಗಳಿಗೆ ಹದಿನೈದು ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಚೆನ್ನಾಗಿ ಗೊಬ್ಬರವುಂಡ ಮಡಿಯಲ್ಲಿ ರಾಜಗಿರಿಯು ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಂತೆ ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ನಾಲ್ಕು ಅಡಿ ಅಗಲ ಹತ್ತು ಅಡಿ ಉದ್ದದ ನಾಲ್ಕು ಮಡಿಗಳು ಕೂಡಿ ಹದಿನೈದು ಚದರ ಮೀಟರಿಗೆ ಹತ್ತಿರವಾಗುತ್ತವೆ. ಆದರೆ ನಾಲ್ಕನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಊರಿಗೆಲ್ಲ ಹಂಚುವಷ್ಟು ಸೊಪ್ಪು, ಮೂರು ವಾರ ಉಪವಾಸ! ವಾರಕ್ಕೊಂದು ಮಡಿಯಂತೆ ಬಿತ್ತಬೇಕು. ನಾಲ್ಕನೆಯದನ್ನು ಬಿತ್ತಿದ ಮುಂದಿನ ವಾರ ಮೊದಲನೆಯದು ಕೈಗೆ ಬರುತ್ತದೆ. ಅದನ್ನು ಕಿತ್ತು, ಬುಟ್ಟಿ ಗೊಬ್ಬರ ಚೆಲ್ಲಿ, ಮತ್ತೆ ಬಿತ್ತಬೇಕು. ಸಂತೆಯ ದಿನವನ್ನೇ ಬಿತ್ತನೆಯ ದಿನವೆಂದು ಗೊತ್ತುಮಾಡಿಕೊಂಡರೆ ಮರೆಯುವ ಭಯವಿಲ್ಲ.

ಮಡಿಗಳಲ್ಲಿ ಸೊಪ್ಪನ್ನು ಬದಲಾಯಿಸುತ್ತಿರುವುದು ನಾಲಗೆಗೂ ನೆಲಕ್ಕೂ ಹಿತ. ಮೆಂತೆಯು ದ್ವಿದಳ ಜಾತಿಯದಾದುದರಿಂದ ತನಗೆ ಬೇಕಾದ ಸಾರಜನಕದಲ್ಲಿ ಒಂದು ಭಾಗವನ್ನು ಬೇರಿನ ಗಂಟುಗಳ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಚಳಿಗಾಲದಲ್ಲಿ ಅದೂ ಸಬ್ಬಸಿಗೆಯೂ ಕೊತ್ತಂಬರಿಯೂ ಚೆನ್ನಾಗಿ ಬರುತ್ತವೆ. ಬೇಸಗೆಯಲ್ಲಿ ಇವು ಬೇಗ ಹೂವಾಡಿ ಕೆಡುವುದರಿಂದ ರಾಜಗಿರಿ, ಕಿರಕಸಾಲಿಗಳನ್ನು ನೆಚ್ಚಬೇಕು. ಪುಂಡಿಯನ್ನು ಮುಂಗಾರಿನಲ್ಲಿ ಬೇಲಿಯ ಉದ್ದಕ್ಕೂ ಬಿತ್ತಿ, ಬುಡ ಕೀಳದೆ ಚಿಗುರನ್ನು ಮಾತ್ರ ಮುರಿದುಕೊಳ್ಳುತ್ತ ಹೋದರೆ ತಿಂಗಳುಗಟ್ಟಲೆ ಪಲ್ಲೆ ಸಿಕ್ಕುತ್ತದೆ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಊಟದ ಜೊತೆಗೆ ನಿಂಬೆಹಣ್ಣನ್ನು ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ, ಊಟವಾದೊಡನೆ ಚಹ ಕುಡಿದರೆ ಕಡಮೆಯಾಗುತ್ತದೆ. ಹಿತ್ತಲಿನ ಮೂಲೆಗೊಂದು ನಿಂಬೆಯ ಗಿಡವನ್ನೂ ನುಗ್ಗೆಯನ್ನೂ ಹಚ್ಚುವುದು ಇದಕ್ಕಾಗಿ. ನುಗ್ಗೆಯು ನೀರು ನಿಲ್ಲುವ ಸ್ಥಳದಲ್ಲಿ ಬುಡ ಕೊಳೆತು ಬೀಳುವುದರಿಂದ ಅದಕ್ಕೆ ಎತ್ತರದ ಮೂಲೆಯನ್ನೇ ಬಿಟ್ಟುಕೊಡಬೇಕು.

ಕಾಯಿಗಳ ಕಾಲವನ್ನು ಪಂಚಾಂಗದ ಮಳೆಗಳಿಗೆ ಹೊಂದಿಸಿಕೊಳ್ಳುವುದು ಈ ಕಡೆಯ ಸಂಪ್ರದಾಯ. ನನಗೂ ಅದೇ ಸರಿಯೆಂದು ತೋರುತ್ತದೆ. ಜೂನ್ ತಿಂಗಳಿನ ಮೃಗಶಿರಾ ಮಳೆಗೆ ಹೀರೆ, ಹಾಗಲ, ಸೋರೆ, ಸವತೆಗಳ ಬೀಜವನ್ನು ಊರಿ, ಬದನೆ ಮೆಣಸುಗಳ ಸಸಿಮಡಿ ಹಾಕತಕ್ಕದ್ದು. ಬದನೆಯಲ್ಲಿ ಮಂಜರಿ ಗೋಟ ಎಂಬ ಗುಂಡನೆಯ ಗೀರುಬಣ್ಣದ ಜಾತಿ ಎಣ್ಣೆಗಾಯಿಗೆ ಹೇಳಿಮಾಡಿಸಿದ್ದು. ಬೆಂಡೆಗೆ ಹಳದಿ ನರದ ರೋಗ ಬಾಧಿಸುವುದರಿಂದ, ಅದನ್ನು ತಡೆಯುವಂತೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತಯಾರಿಸಿದ ಅರ್ಕಾ ಅನಾಮಿಕದಂಥ ತಳಿಯನ್ನು ಆರಿಸಿಕೊಳ್ಳುವುದು ಲೇಸು. ಸೆಪ್ಟೆಂಬರ್ ಅಕ್ಟೋಬರಿನ ಉತ್ತರಾ ಹಸ್ತಾ ಮಳೆಗಳಿಗೆ ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ, ಕೋಸುಗಳ ಸರದಿ. ಅಥಣಿಯ ಕಡೆಯವರಿಗೆ ನಿಜವಾದ ತೋಟ ಆರಂಭವಾಗುವುದೇ ಆಗ. ಸಂಕ್ರಾಂತಿ ಕಳೆದ ಮೇಲೆ ಚವಳಿ, ಸವತೆ. ಬಳ್ಳಿಗಳ ಚಪ್ಪರವನ್ನು ಉತ್ತರದ ಅಂಚಿಗೆ ಹಾಕಬೇಕು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಚಪ್ಪರ ದಕ್ಷಿಣದಲ್ಲಿದ್ದರೆ ಅದರ ನೆರಳು ಮಡಿಗಳ ಮೇಲೆ ಬೀಳುತ್ತದೆ.

ಬಚ್ಚಲ ನೀರನ್ನು ತೋಟಕ್ಕೆ ಬಿಡುವ ಪದ್ಧತಿ ಎಲ್ಲೆಡೆಯೂ ಉಂಟು, ಅದನ್ನು ಹೊಗಳುವವರೂ ಬಹುಮಂದಿ. ಈ ಸೀಮೆಯ ಮಟ್ಟಿಗೆ ನಾನು ಅಷ್ಟು ಧಾರಾಳವಾಗಿ ಹೊಗಳಲಾರೆ. ಸಾಬೂನು, ಬಟ್ಟೆಯ ಪುಡಿಗಳಲ್ಲಿ ಸೋಡಿಯಂ ಇದೆ. ಎರೆಮಣ್ಣಿನ ವೈರಿ ಅದೇ. ಅಕ್ಕಿ ಕಾಯಿಪಲ್ಲೆ ತೊಳೆದ ನೀರನ್ನು ನಿಶ್ಚಿಂತೆಯಾಗಿ ಸೊಪ್ಪಿಗೆ ಹಾಕಬಹುದು. ಮೈ ತೊಳೆದ ನೀರನ್ನು ಜಲ್ಲಿಕಲ್ಲು ತುಂಬಿದ ಗುಂಡಿಯ ಮೂಲಕ ಹಾಯಿಸಿ ಬಾಳೆಗೆ ಬಿಡಬಹುದು. ಕಲ್ಲು ಕೊಳೆಯನ್ನು ಸೋಸೀತು, ಸೋಡಿಯಮ್ಮನ್ನು ಸೋಸಲಾರದು, ಆದುದರಿಂದ ಅದನ್ನು ಮಡಿಗಳಿಗೆ ತಿರುಗಿಸಬಾರದು. ಬಟ್ಟೆ ಒಗೆದ ನೀರು ಚರಂಡಿಗೇ ಹೋಗಲಿ. ಕೊಳವೆಬಾವಿಯ ನೀರು ನಾಲಗೆಗೆ ಸಪ್ಪೆಯಾಗಿ ಉಪ್ಪೆನಿಸಿದರೆ, ನದಿಯ ಅಥವಾ ಮಳೆಯ ನೀರು ಸಿಕ್ಕಿದಾಗ ಮಡಿಗಳನ್ನು ಒಂದೆರಡು ಸಲ ಧಾರಾಳವಾಗಿ ತೋಯಿಸಿ, ಕೂಡಿದ ಉಪ್ಪನ್ನು ಬಸಿಗಾಲುವೆಗೆ ಇಳಿಸಬೇಕು.

ಗೊಬ್ಬರದ ವಿಚಾರದಲ್ಲಿ ಈ ಐದು ತಾಲ್ಲೂಕುಗಳವರು ಭಾಗ್ಯವಂತರು. ಎಮ್ಮೆ ದನಗಳಿವೆ, ತಿಪ್ಪೆಗಳಿವೆ. ಕಬ್ಬಿನ ರವದಿ ಬೇಕೆಂದಷ್ಟು ಸಿಕ್ಕುತ್ತದೆ. ಕಟಾವಾದ ಮೇಲೆ ಗದ್ದೆಯಲ್ಲಿ ರವದಿಗೆ ಬೆಂಕಿ ಹಚ್ಚುವುದನ್ನು ನೋಡಿದಾಗ, ಅದರಲ್ಲಿ ಒಂದು ಗಾಡಿಯನ್ನಾದರೂ ಹಿತ್ತಲಿಗೆ ತಂದರೆ ಎಷ್ಟು ಮೇಲಾಗುತ್ತಿತ್ತೆನಿಸುತ್ತದೆ. ರವದಿಯನ್ನು ಗಿಡಗಳ ಬುಡದಲ್ಲಿ ಮೂರು ನಾಲ್ಕು ಅಂಗುಲ ದಪ್ಪ ಹೊದಿಸಿದರೆ ನೆಲದಿಂದ ನೀರು ಆವಿಯಾಗುವುದು ಕುಗ್ಗುತ್ತದೆ. ಆವಿಯಾಗುವುದು ಕುಗ್ಗಿದಷ್ಟೂ ಉಪ್ಪು ಮೇಲೇರುವುದು ಕುಗ್ಗುತ್ತದೆ. ಎರೆನೆಲ ಬಿರುಕು ಬಿಟ್ಟು ಬೇರು ಹರಿಯುವುದೂ ತಪ್ಪುತ್ತದೆ. ಆದರೆ ಹಸಿ ರವದಿಯನ್ನು ಮಣ್ಣಿನೊಳಗೆ ಬೆರೆಸಬಾರದು. ಅದು ಕೊಳೆಯುವಾಗ ಮಣ್ಣಿನಲ್ಲಿರುವ ಸಾರಜನಕವನ್ನು ತಾನೇ ಕಬಳಿಸಿ ಗಿಡವನ್ನು ಹಳದಿಯಾಗಿಸುತ್ತದೆ. ಬೆರೆಸುವುದಾದರೆ ಸೆಗಣಿಯ ನೀರು ಚಿಮುಕಿಸಿ ಗುಂಡಿಯಲ್ಲಿ ಚೆನ್ನಾಗಿ ಕಳಿಸಿದ ಮೇಲೆ. ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ಡಿಗೂ ಇದೇ ನಿಯಮ. ಹಸಿಯಾಗಿದ್ದಾಗ ಅದರ ಕಾವಿಗೆ ಸಸಿ ಬೆಂದುಹೋಗುತ್ತದೆ.

ನಿಪ್ಪಾಣಿಯ ಕಡೆಯ ಶ್ರೋತೃಗಳಿಗೆ ಬೇರೆಯಾಗಿ ಒಂದು ಮಾತನ್ನು ಹೇಳಬೇಕಾಗಿದೆ. ತಂಬಾಕು, ಬದನೆ, ಮೆಣಸು, ಟೊಮೆಟೊ, ಆಲೂಗಡ್ಡೆ ಇವೆಲ್ಲ ಒಂದೇ ಕುಲದ ಸಸ್ಯಗಳು. ಒಂದರ ರೋಗ ಇನ್ನೊಂದಕ್ಕೆ ತಗಲುವುದು ಸುಲಭ. ತಂಬಾಕಿನ ಎಲೆಯ ಮೇಲೆ ತಿಳಿಹಸಿರು ಕಡುಹಸಿರು ಮಚ್ಚೆಗಳು ಮೂಡುವ ಒಂದು ರೋಗವುಂಟು. ಹಾಲೆಂಡಿನಲ್ಲಿದ್ದ ಅಡಾಲ್ಫ್ ಮೇಯರ್ ಎಂಬ ವಿಜ್ಞಾನಿ ಅದು ಗಿಡದಿಂದ ಗಿಡಕ್ಕೆ ರಸದ ಮೂಲಕ ಅಂಟುತ್ತದೆಂದು 1886ರಲ್ಲಿ ತೋರಿಸಿದನು. ಬ್ಯಾಕ್ಟೀರಿಯಗಳನ್ನು ತಡೆಯುವ ಸೋಸುಗದಲ್ಲಿಯೂ ಅದು ನುಸುಳುತ್ತದೆಂದು ರಷ್ಯದ ಇವನೋವ್‌ಸ್ಕಿ 1892ರಲ್ಲಿ ಕಂಡನು. ಹಾಲೆಂಡಿನ ಬೈಜರಿಂಕನು 1898ರಲ್ಲಿ ಅದನ್ನು ಹೊಸ ಬಗೆಯ ಸೋಂಕೆಂದು ಸಾರಿದನು. ಇಂದು ವೈರಸ್ ಎಂದು ಎಲ್ಲರೂ ಹೇಳುವ ಪದಾರ್ಥದ ಚರಿತ್ರೆ ಹೀಗೆ ತಂಬಾಕಿನ ಎಲೆಯಿಂದ ಮೊದಲಾಯಿತು. ಈ ವೈರಸ್ಸು ಒಣಗಿದ ಎಲೆಯಲ್ಲಿಯೂ ವರ್ಷಗಟ್ಟಲೆ ಜೀವದಿಂದಿರಬಲ್ಲದು. ಹಗಲೆಲ್ಲ ತಂಬಾಕಿನ ವಖಾರಿಯಲ್ಲಿ ದುಡಿದೋ ಬೀಡಿ ಕಟ್ಟಿಯೋ ಬಂದ ಕೈಯಿಂದಲೇ ಸಂಜೆ ಟೊಮೆಟೊ ಸಸಿ ನೆಟ್ಟರೆ, ಬೆರಳಿಗೆ ಅಂಟಿದ ಪುಡಿಯೇ ರೋಗವನ್ನು ದಾಟಿಸಲು ಸಾಕು. ಸಾಬೂನು ಹಚ್ಚಿ ಕೈಗಳನ್ನು ಚೆನ್ನಾಗಿ ಉಜ್ಜಿ ತೊಳೆದ ಮೇಲೆಯೇ ಸಸಿ ಮುಟ್ಟಬೇಕು. ತಂಬಾಕಿನ ಕಡ್ಡಿ, ಪುಡಿಗಳನ್ನು ಗೊಬ್ಬರವೆಂದು ಬದನೆ ಮೆಣಸಿನ ಮಡಿಗೆ ಹಾಕಬಾರದು.

ಹುಳುಗಳನ್ನು ಕೊಲ್ಲುವುದಕ್ಕೆ ತಂಬಾಕಿನ ಕಷಾಯವನ್ನು ಚಿಮುಕಿಸುವವರಿದ್ದಾರೆ. ಅದು ಹುಳುಗಳನ್ನು ಕೊಲ್ಲುವುದು ನಿಜ. ಆದರೆ ಅದರಲ್ಲಿರುವ ನಿಕೋಟಿನ್ ತೀಕ್ಷ್ಣವಾದ ವಿಷ, ಚರ್ಮದ ಮೂಲಕವೂ ಮೈಯೊಳಗೆ ಇಳಿಯುತ್ತದೆ. ಮಕ್ಕಳು ಓಡಾಡುವ ಹಿತ್ತಲಿಗೆ ಅದು ತಕ್ಕುದಲ್ಲ. ಬೇವಿನ ಬೀಜದ ಕಷಾಯ ಇದಕ್ಕಿಂತ ಮೇಲು. ಕಾಲು ಕಿಲೋಗ್ರಾಂ ಒಣಬೀಜವನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ, ಒಟ್ಟು ಐದು ಲೀಟರಾಗುವಂತೆ ನೀರು ಕೂಡಿಸಿ, ಎಲೆಗೆ ಹತ್ತುವುದಕ್ಕೆಂದು ಚೂರು ಸಾಬೂನು ಕರಗಿಸಿ ಸಂಜೆಯ ಹೊತ್ತು ಚಿಮುಕಿಸಬೇಕು. ಬೇವಿನ ಬೀಜ ಉದುರುವುದು ಮುಂಗಾರಿನ ಆರಂಭದಲ್ಲಿ. ಆಗ ಆರಿಸಿ ನೆರಳಿನಲ್ಲಿ ಒಣಗಿಸಿಟ್ಟರೆ ವರ್ಷಕ್ಕಾಗುತ್ತದೆ. ಬದನೆಯ ಚಿಗುರು ಬಾಡಿ ಜೋತುಬಿದ್ದರೆ ಒಳಗೆ ಹುಳು ಕೊರೆದಿದೆಯೆಂದು ತಿಳಿದು, ಅಷ್ಟು ತುದಿಯನ್ನು ಚಿವುಟಿ ಸುಟ್ಟುಬಿಡಬೇಕು. ಇದಕ್ಕೆ ಕಷಾಯಕ್ಕಿಂತ ಬೆರಳೇ ಹೆಚ್ಚು ಉಪಯುಕ್ತ.

ನದಿಯ ಅಂಚಿನ ಊರುಗಳವರ ಕಷ್ಟ ಬೇರೆ ಬಗೆಯದು. 2005, 2019, 2021ರ ನೆರೆಗಳಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ, ಹೊಲ ಹಿತ್ತಲುಗಳನ್ನೆಲ್ಲ ಮುಳುಗಿಸಿದುವು. ನೆರೆ ನೀರಿನಲ್ಲಿ ಚರಂಡಿ ಪಾಯಖಾನೆಗಳ ಹೊಲಸು ಬೆರೆತಿರುವುದರಿಂದ, ಮುಳುಗಿದ ತೋಟದ ಸೊಪ್ಪು ಸವತೆಗಳನ್ನು ಹಸಿಯಾಗಿ ತಿನ್ನಲೇಬಾರದು. ಸೊಪ್ಪನ್ನು ಕಿತ್ತು ಗುಂಡಿಗೆ ಹಾಕಿಬಿಡುವುದೇ ಕ್ಷೇಮ. ಇಳಿದ ನೀರು ಬಿಟ್ಟುಹೋಗುವ ಕೆಸರು ಫಲವತ್ತಾದುದಾದರೂ, ಅದು ಆರುವವರೆಗೆ ಮೇಲೆ ಓಡಾಡದೆ, ಬಸಿಗಾಲುವೆಯ ಹೂಳನ್ನು ಮೊದಲು ತೆಗೆಯಬೇಕು. ಹದ ಬಂದೊಡನೆ ಬಿತ್ತಿದ ರಾಜಗಿರಿ ಒಂದು ತಿಂಗಳಲ್ಲಿ ಮನೆಗೆ ಬರುತ್ತದೆ. ಊರೆಲ್ಲ ಕಳೆದುಕೊಂಡ ಹೊತ್ತಿನಲ್ಲಿ ಇದು ಸಣ್ಣ ಸಂಗತಿಯೇನಲ್ಲ. ಆದರೆ ಅದಕ್ಕೆ ಮನೆಯಲ್ಲಿ ಬೀಜವಿರಬೇಕು.

ಆದುದರಿಂದ ಬೀಜವನ್ನು ಇಡುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಅಂಗಡಿಯಿಂದ ತಂದ ಸಂಕರ ಬೀಜದ ಗಿಡಗಳಿಂದ ಬೀಜ ತೆಗೆದಿಡುವುದು ನಿರರ್ಥಕ; ಮರುವರ್ಷ ಅವು ತಾಯಿಗಿಡದಂತೆ ಬರುವುದಿಲ್ಲ. ನಾಟಿಯ ಬೆಂಡೆ, ಚವಳಿ, ಅಲಸಂದಿ, ಹೀರೆ, ಪುಂಡಿಗಳಲ್ಲಿ ಎಲ್ಲಕ್ಕಿಂತ ಆರೋಗ್ಯವಾದ ಎರಡು ಮೂರು ಗಿಡಗಳನ್ನು ಮೊದಲೇ ಗುರುತಿಸಿ, ದಾರ ಕಟ್ಟಿ, ಅವುಗಳ ಕಾಯನ್ನು ಅಡಿಗೆಗೆ ಕೊಯ್ಯದೆ ಗಿಡದಲ್ಲೇ ಒಣಗಬಿಡಬೇಕು. ಸವಳಿನ ಮಡಿಯಲ್ಲಿಯೂ ನಳನಳಿಸಿದ ಗಿಡವಿದ್ದರೆ ಅದಕ್ಕೇ ಮೊದಲು ದಾರ ಬೀಳಲಿ. ಬಿಡಿಸಿದ ಬೀಜವನ್ನು ನೆರಳಿನಲ್ಲಿ ಆರಿಸಿ, ಹಲ್ಲಿನಿಂದ ಕಚ್ಚಿದರೆ ಟಕ್ಕನೆ ಮುರಿಯುವಷ್ಟು ಒಣಗಿದ ಮೇಲೆ, ಜರಡಿಯಾಡಿದ ತಣ್ಣನೆಯ ಒಲೆಬೂದಿಯೊಡನೆ ಸೀಸೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಹೆಸರು ವರ್ಷಗಳನ್ನು ಬರೆದು ಅಂಟಿಸಬೇಕು. ಉಳ್ಳಾಗಡ್ಡಿಯ ಬೀಜ ಒಂದು ವರ್ಷ ದಾಟಿದರೆ ನೆಚ್ಚುವಂತಿಲ್ಲ. ಬದನೆ ಮೂರು ನಾಲ್ಕು ವರ್ಷ, ಸವತೆ ಐದು ವರ್ಷದವರೆಗೂ ಬರುತ್ತವೆ. ಹೊಳೆಯಂಚಿನ ಊರಿನವರು ಸೀಸೆಗಳನ್ನು ನೆಲದ ಮೇಲಿಡದೆ ಅಟ್ಟದ ಮೇಲೆ ಇಡತಕ್ಕದ್ದು.